ನಿಂತ ಕಾರಿನ ರಬ್ಬರು: ಕೆಡಿಸುವುದೇನು, ಉಳಿಸುವುದು ಹೇಗೆ

ವರ್ಷದ ಬಹುಕಾಲ ಷೆಡ್ಡಿನಲ್ಲೇ ನಿಲ್ಲುವ ಹಳೆಯ ಕಾರಿನ ತಗಡಿಗೆ ತುಕ್ಕು ಹಿಡಿಯದಂತೆ ವಹಿಸುವ ಎಚ್ಚರವನ್ನು ಅದರ ರಬ್ಬರಿನ ವಿಷಯದಲ್ಲಿ ವಹಿಸುವ ಮಾಲೀಕರು ಕಡಿಮೆ. ತುಕ್ಕು ಕಣ್ಣಿಗೆ ಬೀಳುತ್ತದೆ, ಅದನ್ನು ಉಜ್ಜಿ ತೆಗೆದು, ತೇಪೆ ಹಾಕಿ, ಬಣ್ಣ ಬಳಿಯಬಹುದು. ರಬ್ಬರಾದರೋ ಬೀಡಿಂಗಿನ ಮಡಿಕೆಯೊಳಗೆ, ಬುಷ್ಷಿನ ತೋಳಿನೊಳಗೆ, ಬ್ರೇಕ್ ಸಿಲಿಂಡರಿನ ಕತ್ತಲೆಯಲ್ಲಿ ಸದ್ದಿಲ್ಲದೆ ಹಾಳಾಗುತ್ತ ಹೋಗಿ, ಕಾರು ಮತ್ತೆ ರಸ್ತೆಗಿಳಿದ ದಿನವಷ್ಟೇ ತನ್ನ ಸ್ಥಿತಿಯನ್ನು ತೋರಿಸುತ್ತದೆ. 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಮತ್ತು ಅದರ ಸಮಕಾಲೀನವಾದ ಪ್ರೀಮಿಯರ್ ಪದ್ಮಿನಿಗಳು ಕರ್ನಾಟಕದ ಅನೇಕ ಮನೆಗಳಲ್ಲಿ ಇಂದಿಗೂ ಉಳಿದಿವೆ. ಈ ಕಾರುಗಳಲ್ಲಿ ಮುಂದಿನ ಗಾಜನ್ನು ಹಿಡಿದಿರುವ ಬೀಡಿಂಗ್, ಬಾಗಿಲು ಹಾಗೂ ಡಿಕ್ಕಿಯ ಅಂಚಿನ ಪಟ್ಟಿಗಳು, ಎಂಜಿನ್ ಕೂರುವ ಮೌಂಟಿಂಗ್, ಹಿಂಬದಿಯ ಲೀಫ್ ಸ್ಪ್ರಿಂಗಿನ ಬುಷ್‌ಗಳು, ರೇಡಿಯೇಟರ್ ಹೋಸ್, ಫ್ಯಾನ್ ಬೆಲ್ಟ್, ಬ್ರೇಕಿನ ಕಪ್‌ಗಳು, ವೈಪರಿನ ಅಲಗು, ಪೆಡಲಿನ ಹೊದಿಕೆ, ತಗಡಿನ ತೂತಿನಲ್ಲಿ ವೈರು ಹಾಯುವ ಕಡೆ ಕೂರಿಸಿದ ಗ್ರೊಮೆಟ್ ಎಂಬ ಚಿಕ್ಕ ಬಳೆಗಳು, ಹೀಗೆ ರಬ್ಬರು ಇಲ್ಲದ ಮೂಲೆಯೇ ಇಲ್ಲ.

ರಬ್ಬರು ಒಣಗುತ್ತದೆ, ಒಣಗಿದ್ದಕ್ಕೆ ಎಣ್ಣೆ ಹಚ್ಚಿದರೆ ಮತ್ತೆ ಮೆತ್ತಗಾಗುತ್ತದೆ ಎಂಬ ನಂಬಿಕೆ ಗ್ಯಾರೇಜುಗಳಲ್ಲೂ ಮನೆಗಳಲ್ಲೂ ಆಳವಾಗಿ ಬೇರೂರಿದೆ. ಈ ನಂಬಿಕೆಯಿಂದ ಆಗುವ ಹಾನಿ ಅಲಕ್ಷ್ಯದಿಂದ ಆಗುವ ಹಾನಿಗಿಂತ ಕಡಿಮೆಯದೇನಲ್ಲ. ರಬ್ಬರು ಚರ್ಮದಂತೆ ಪಸೆಯನ್ನು ಹೀರಿ ಹಿಡಿದುಕೊಂಡು ಮೃದುವಾಗಿರುವ ವಸ್ತುವಲ್ಲ. ಅದರ ಮೃದುತ್ವ ಮತ್ತು ಪುಟಿತ ಅದರ ಅಣುಗಳ ಉದ್ದನೆಯ ಸರಪಳಿಗಳಲ್ಲಿದ್ದು, ಆ ಸರಪಳಿಗಳು ತುಂಡಾದಾಗ ಅಥವಾ ಒಂದಕ್ಕೊಂದು ಅತಿಯಾಗಿ ಬೆಸೆದುಕೊಂಡಾಗ ರಬ್ಬರು ಕೆಡುತ್ತದೆ. ಹಾಗೆ ಕೆಟ್ಟದ್ದನ್ನು ಯಾವ ಲೇಪನವೂ ಹಿಂದಕ್ಕೆ ತರಲಾರದು. ಆದ್ದರಿಂದ ಸಂರಕ್ಷಣೆಯ ಕೆಲಸವೆಂದರೆ ಮುಖ್ಯವಾಗಿ ಕೆಡಿಸುವ ಕಾರಣಗಳನ್ನು ದೂರವಿಡುವುದು. ಹಚ್ಚುವ ಕೆಲಸ ಅದರ ಮುಂದೆ ಬಹಳ ಚಿಕ್ಕದು.

ಕೆಡಿಸುವ ಕಾರಣಗಳು

ಸುಳ್ಯ, ಪುತ್ತೂರುಗಳ ತೋಟಗಳಲ್ಲಿಯೂ ಬೆಳೆಯುವ ರಬ್ಬರು ಮರದ ಹಾಲಿನಿಂದ ದೊರೆಯುವ ನೈಸರ್ಗಿಕ ರಬ್ಬರು ಹಾಗೆಯೇ ಬಿಟ್ಟರೆ ಬಿಸಿಲಿಗೆ ಅಂಟಾಗಿ, ಚಳಿಗೆ ಪೆಡಸಾಗುತ್ತದೆ. ಅದಕ್ಕೆ ಗಂಧಕ ಸೇರಿಸಿ ಕಾಯಿಸಿದರೆ ಅಣುಸರಪಳಿಗಳ ನಡುವೆ ಅಲ್ಲಲ್ಲಿ ಗಂಧಕದ ಸೇತುವೆಗಳು ಕಟ್ಟಿಕೊಂಡು, ಎಳೆದರೂ ಮತ್ತೆ ಮೊದಲಿನ ಆಕಾರಕ್ಕೆ ಮರಳುವ ಗುಣ ಬರುತ್ತದೆ ಎಂಬುದನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡನು. ವಲ್ಕನೀಕರಣ ಎನ್ನುವುದು ಈ ಕ್ರಿಯೆಯನ್ನೇ. ಆದರೆ ಗಂಧಕದೊಡನೆ ಬೆಸೆದುಕೊಂಡ ಮೇಲೂ ನೈಸರ್ಗಿಕ ರಬ್ಬರಿನ ಸರಪಳಿಯುದ್ದಕ್ಕೂ ಇಂಗಾಲದ ದ್ವಿಬಂಧಗಳು, ಅಂದರೆ ಬೇರೆ ವಸ್ತುಗಳೊಡನೆ ಸುಲಭವಾಗಿ ಕೂಡಿಕೊಳ್ಳುವ ಜೋಡಿ ಕೊಂಡಿಗಳು, ಹೇರಳವಾಗಿ ಉಳಿದಿರುತ್ತವೆ. ಟೈರುಗಳಲ್ಲಿ ಬಳಸುವ ಎಸ್‌ಬಿಆರ್ ಎಂಬ ಕೃತಕ ರಬ್ಬರಿನಲ್ಲಿಯೂ, ಎಣ್ಣೆ ತಾಗುವ ಕಡೆ ಬಳಸುವ ನೈಟ್ರೈಲ್ ರಬ್ಬರಿನಲ್ಲಿಯೂ ಇದೇ ದೌರ್ಬಲ್ಯವಿದೆ.

ಈ ದ್ವಿಬಂಧಗಳ ಮೊದಲ ಶತ್ರು ಓಝೋನ್, ಅಂದರೆ ಆಮ್ಲಜನಕದ ಮೂರು ಪರಮಾಣುಗಳು ಕೂಡಿದ ಅನಿಲ. ವಾಹನಗಳ ಹೊಗೆ ಮತ್ತು ಬಿಸಿಲು ಸೇರಿ ನೆಲಮಟ್ಟದ ಗಾಳಿಯಲ್ಲಿ ಇದು ಹುಟ್ಟುತ್ತಿರುತ್ತದೆ. ಗಾಳಿಯ ಹತ್ತು ಕೋಟಿ ಭಾಗಗಳಲ್ಲಿ ಕೆಲವೇ ಭಾಗಗಳಷ್ಟಿದ್ದರೂ ರಬ್ಬರನ್ನು ಸೀಳಲು ಸಾಕಾಗುತ್ತದೆ. ಓಝೋನಿನ ದಾಳಿಗೆ ಒಂದು ವಿಶೇಷ ಲಕ್ಷಣವಿದೆ: ರಬ್ಬರು ಎಳೆತಕ್ಕೆ ಒಳಗಾಗಿರುವ ಕಡೆ ಮಾತ್ರ ಬಿರುಕು ಮೂಡುತ್ತದೆ, ಮತ್ತು ಆ ಬಿರುಕು ಎಳೆತದ ದಿಕ್ಕಿಗೆ ಅಡ್ಡವಾಗಿರುತ್ತದೆ. ಮುಂದಿನ ಗಾಜಿನ ಬೀಡಿಂಗನ್ನು ಹತ್ತಿರದಿಂದ ನೋಡಿದರೆ ನೇರವಾದ ಅಂಚುಗಳು ನುಣುಪಾಗಿಯೇ ಉಳಿದಿದ್ದು, ಮೂಲೆಯಲ್ಲಿ ಪಟ್ಟಿ ಬಾಗಿ ಹೊರಮೈ ಹಿಗ್ಗಿರುವ ಕಡೆ ಮಾತ್ರ ಒಂದರ ಪಕ್ಕ ಒಂದರಂತೆ ಕೂದಲೆಳೆಯ ಸೀಳುಗಳು ಸಾಲಾಗಿ ನಿಂತಿರುವುದು ಕಾಣುತ್ತದೆ. ನೆಲಕ್ಕೆ ಒತ್ತಿ ಉಬ್ಬಿದ ಟೈರಿನ ಪಕ್ಕೆಯಲ್ಲಿ, ಬಿಗಿಯಾಗಿ ತೂರಿಸಿದ ಹೋಸಿನ ತುದಿಯಲ್ಲಿ, ಮಡಿಸಿ ಕಟ್ಟಿಟ್ಟ ಹೊಸ ಪಟ್ಟಿಯ ಮಡಿಕೆಯಲ್ಲಿ ಕಾಣುವುದೂ ಇದೇ ಚಿತ್ರ. ಎಳೆತವನ್ನು ತಪ್ಪಿಸಿದರೆ ಓಝೋನಿನ ಕೈ ಕಟ್ಟಿದಂತಾಗುತ್ತದೆ ಎಂಬ ಈ ಒಂದು ಸಂಗತಿಯಿಂದಲೇ ಮುಂದೆ ಹೇಳಲಿರುವ ಅನೇಕ ಕ್ರಮಗಳು ಹುಟ್ಟಿವೆ.

ಎರಡನೆಯದು ಸಾಮಾನ್ಯ ಆಮ್ಲಜನಕ. ಅದು ಮೇಲ್ಮೈಯಲ್ಲಷ್ಟೇ ನಿಲ್ಲದೆ ರಬ್ಬರಿನ ಒಳಗೂ ಇಳಿದು ನಿಧಾನವಾಗಿ ಕೆಲಸ ಮಾಡುತ್ತದೆ. ಕೆಲವು ರಬ್ಬರುಗಳಲ್ಲಿ ಸರಪಳಿಗಳನ್ನು ತುಂಡರಿಸಿ ಅಂಟಂಟಾಗಿಸುತ್ತದೆ, ಕೆಲವುಗಳಲ್ಲಿ ಹೊಸ ಬೆಸುಗೆಗಳನ್ನು ಹಾಕಿ ಕಲ್ಲಿನಷ್ಟು ಗಟ್ಟಿಯಾಗಿಸುತ್ತದೆ. ಉಷ್ಣತೆ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿದಾಗಲೂ ಇಂತಹ ಕ್ರಿಯೆಯ ವೇಗ ಸುಮಾರಾಗಿ ಇಮ್ಮಡಿಯಾಗುತ್ತದೆ ಎಂಬುದು ಸ್ಥೂಲವಾದ ಲೆಕ್ಕ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯ ತಗಡಿನ ಷೆಡ್ಡಿನಲ್ಲಿಯೂ ಬೆಂಗಳೂರಿನ ನೆಲಮಾಳಿಗೆಯಲ್ಲಿಯೂ ಒಂದೇ ಬಗೆಯ ಬುಷ್ ಒಂದೇ ಆಯುಷ್ಯ ಪಡೆಯಲಾರದೆಂಬುದು ಇದರಿಂದ ಸ್ಪಷ್ಟ. ತಾಮ್ರ ಮತ್ತು ಮ್ಯಾಂಗನೀಸ್ ಲೋಹಗಳ ಸಂಪರ್ಕವೂ ನೈಸರ್ಗಿಕ ರಬ್ಬರಿನ ಮೇಲೆ ಆಮ್ಲಜನಕದ ಕೆಲಸವನ್ನು ಚುರುಕುಗೊಳಿಸುವುದರಿಂದ, ಸಡಿಲವಾದ ಹೋಸಿಗೆ ತಾಮ್ರದ ತಂತಿ ಸುತ್ತಿ ಬಿಗಿಯುವ ಅಭ್ಯಾಸವನ್ನು ಬಿಡಬೇಕು.

ಮೂರನೆಯದು ಬಿಸಿಲಿನಲ್ಲಿರುವ ನೇರಳಾತೀತ ಕಿರಣ. ಕಪ್ಪು ರಬ್ಬರಿಗೆ ಬೆರೆಸಿರುವ ಕಾರ್ಬನ್ ಬ್ಲ್ಯಾಕ್ ಎಂಬ ಮಸಿಯ ಪುಡಿ ಈ ಕಿರಣಗಳನ್ನು ತಾನೇ ಹೀರಿಕೊಂಡು ರಕ್ಷಣೆ ಕೊಡುತ್ತದೆ. ಮಸಿಯಿಲ್ಲದ ಬಿಳಿ, ಬೂದು ಮತ್ತು ಕಂದು ಬಣ್ಣದ ಪಟ್ಟಿಗಳು, ಬಿಳಿ ಅಂಚಿನ ಟೈರುಗಳು ಬೇಗ ಸೀಳುವುದಕ್ಕೆ ಆ ರಕ್ಷಣೆ ಇಲ್ಲದಿರುವುದು ಒಂದು ಕಾರಣ.

ಇವೆಲ್ಲದರ ಜೊತೆಗೆ ಮನುಷ್ಯರೇ ತಂದೊಡ್ಡುವ ನಾಲ್ಕನೆಯ ಕಾರಣವೊಂದಿದೆ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಎಂಜಿನ್ ಆಯಿಲ್, ಗ್ರೀಸ್, ವ್ಯಾಸಲೀನ್ ಇವೆಲ್ಲ ಖನಿಜತೈಲದ ಕುಟುಂಬಕ್ಕೆ ಸೇರಿದವು. ನೈಸರ್ಗಿಕ ರಬ್ಬರು ಇವುಗಳನ್ನು ಹೀರಿ ಉಬ್ಬುತ್ತದೆ, ಉಬ್ಬಿದಾಗ ಮೆತ್ತಗಾದಂತೆ ತೋರುತ್ತದೆ, ಆದರೆ ಅದೇ ಹೊತ್ತಿಗೆ ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ವಾಟರ್ ಸರ್ವಿಸ್ ಮುಗಿದ ಮೇಲೆ ಕಾರಿನ ತಳಕ್ಕೆ ಡೀಸೆಲ್ಲನ್ನೋ ಸುಟ್ಟ ಆಯಿಲನ್ನೋ ಸಿಂಪಡಿಸುವ ರೂಢಿ ಮಳೆಗಾಲದ ತುಕ್ಕನ್ನು ತಡೆಯುವ ಒಳ್ಳೆಯ ಉದ್ದೇಶದಿಂದ ಬಂದಿದ್ದರೂ, ಸ್ಪ್ರಿಂಗ್ ಬುಷ್, ಶಾಕ್ ಅಬ್ಸಾರ್ಬರಿನ ಬುಷ್, ಬ್ರೇಕ್ ಹೋಸ್ ಮತ್ತು ಎಂಜಿನ್ ಮೌಂಟಿಂಗ್‌ಗಳು ಅದರಲ್ಲಿ ನೆನೆದು ಅಕಾಲದಲ್ಲಿ ಹಾಳಾಗುತ್ತವೆ. ಹಳೆಯ ಕಾರಿನ ರಬ್ಬರನ್ನು ಉಳಿಸಬಯಸುವವರು ಮೊದಲು ನಿಲ್ಲಿಸಬೇಕಾದ ಕೆಲಸ ಇದು. ತುಕ್ಕಿನ ರಕ್ಷಣೆ ಬೇಕೆಂದರೆ ರಬ್ಬರಿರುವ ಜಾಗಗಳನ್ನು ಮುಚ್ಚಿ, ಉಳಿದ ತಗಡಿಗೆ ಮಾತ್ರ ಅಂಡರ್‌ಕೋಟಿಂಗ್ ಹಚ್ಚಿಸಬೇಕು.

ನಿಲ್ಲಿಸುವ ಜಾಗ, ನಿಲ್ಲಿಸುವ ರೀತಿ

ರಬ್ಬರು ಸಾಮಗ್ರಿಗಳ ದಾಸ್ತಾನಿಗೆ ಸಂಬಂಧಿಸಿದ ಐಎಸ್ಒ 2230 ಎಂಬ ಅಂತರರಾಷ್ಟ್ರೀಯ ಮಾನದಂಡವು 25 ಡಿಗ್ರಿ ಸೆಲ್ಸಿಯಸ್ಸಿಗಿಂತ ಕಡಿಮೆ ಉಷ್ಣತೆ, ಶೇಕಡ 70ಕ್ಕಿಂತ ಕಡಿಮೆ ತೇವಾಂಶ, ಬಿಸಿಲು ಬೀಳದ ಜಾಗ ಮತ್ತು ಓಝೋನ್ ಹುಟ್ಟಿಸುವ ಯಾವ ಉಪಕರಣವೂ ಇಲ್ಲದ ಕೋಣೆಯನ್ನು ಹೇಳುತ್ತದೆ. ಮಂಗಳೂರಿನ ಮಳೆಗಾಲದಲ್ಲಾಗಲಿ ರಾಯಚೂರಿನ ಬೇಸಿಗೆಯಲ್ಲಾಗಲಿ ಎಸಿ ಇಲ್ಲದೆ ಈ ಅಂಕಿಗಳನ್ನು ಮುಟ್ಟುವುದು ಸಾಧ್ಯವಿಲ್ಲ. ಆದರೂ ಯಾವ ದಿಕ್ಕಿನಲ್ಲಿ ಹೋಗಬೇಕೆಂಬುದನ್ನು ಅವು ತೋರಿಸಿಕೊಡುತ್ತವೆ. ತಗಡಿನ ಮಾಡಿಗಿಂತ ಹೆಂಚಿನ ಅಥವಾ ಕಾಂಕ್ರೀಟಿನ ಮಾಡು ಮೇಲು. ತಗಡೇ ಇದ್ದರೆ ಅದರ ಕೆಳಗೆ ಒಂದು ಒಳಚಾವಣಿ ಹೊಡೆಸಿ, ಮೇಲೆ ಬಿಳಿಬಣ್ಣ ಬಳಿಸಿದರೆ ಮಧ್ಯಾಹ್ನದ ಕಾವು ಗಣನೀಯವಾಗಿ ಇಳಿಯುತ್ತದೆ. ಕಿಟಕಿಯಿಂದ ಬಿಸಿಲು ದಿನಕ್ಕೊಂದು ಗಂಟೆ ಕಾರಿನ ಒಂದೇ ಪಕ್ಕಕ್ಕೆ ಬೀಳುತ್ತಿದ್ದರೂ ಆ ಪಕ್ಕದ ಟೈರು ಮತ್ತು ಬೀಡಿಂಗ್ ಇನ್ನೊಂದು ಪಕ್ಕದವುಗಳಿಗಿಂತ ಮೊದಲೇ ಕೆಡುವುದರಿಂದ ಆ ಕಿಟಕಿಗೆ ಪರದೆ ಬೇಕೇ ಬೇಕು.

ಗಾಳಿಯ ವಿಷಯದಲ್ಲಿ ಒಂದು ಇಕ್ಕಟ್ಟಿದೆ. ಹೊರಗಿನ ಗಾಳಿಯೊಡನೆ ಓಝೋನ್ ಒಳಬರುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಗೋಡೆ, ಬಟ್ಟೆ, ಮರಗಳ ಮೈಗೆ ತಾಗಿ ಬೇಗ ನಾಶವಾಗುತ್ತದೆ. ಆದ್ದರಿಂದ ರಬ್ಬರಿನ ದೃಷ್ಟಿಯಿಂದ ಮುಚ್ಚಿದ ಕೋಣೆಯೇ ಒಳ್ಳೆಯದು. ಆದರೆ ಗಾಳಿಯಾಡದ ಕೋಣೆಯಲ್ಲಿ ತೇವ ನಿಂತು ತಗಡಿಗೆ ತುಕ್ಕು, ಸೀಟಿಗೆ ಬೂಸ್ಟು ಹಿಡಿಯುತ್ತದೆ, ರಬ್ಬರನ್ನು ಲೋಹಕ್ಕೆ ಬೆಸೆದಿರುವ ಮೌಂಟಿಂಗಿನಲ್ಲಿ ತುಕ್ಕು ಬೆಸುಗೆಯನ್ನೇ ಎಬ್ಬಿಸುತ್ತದೆ. ಒಳನಾಡಿನ ಒಣಹವೆಯ ಊರುಗಳಲ್ಲಿ ಷೆಡ್ಡನ್ನು ಮುಚ್ಚಿಡುವುದು ಸರಿ. ಕರಾವಳಿ ಮತ್ತು ಮಲೆನಾಡಿನಲ್ಲಿ ರಬ್ಬರಿಗೆ ಸ್ವಲ್ಪ ನಷ್ಟವಾದರೂ ಗಾಳಿಗೆ ದಾರಿ ಬಿಡಬೇಕು, ಅಥವಾ ತೇವ ಹೀರುವ ಯಂತ್ರವನ್ನಿಡಬೇಕು. ಅದೇ ಷೆಡ್ಡಿನಲ್ಲಿ ವೆಲ್ಡಿಂಗ್ ಮಾಡುವುದು, ಕಾರ್ಬನ್ ಬ್ರಷ್‌ಗಳಿಂದ ಕಿಡಿ ಹಾರಿಸುವ ಡ್ರಿಲ್, ಗ್ರೈಂಡರುಗಳನ್ನು ಓಡಿಸುವುದು, ವಾಸನೆ ತೆಗೆಯಲೆಂದು ಓಝೋನ್ ಯಂತ್ರವನ್ನು ಬಳಸುವುದು ಸಲ್ಲದು.

ಕಾರಿಗೆ ಹೊದಿಸುವುದು ಹತ್ತಿಬಟ್ಟೆಯಂತೆ ಗಾಳಿಯಾಡುವ ಹೊದಿಕೆಯಾಗಿರಬೇಕು. ಪ್ಲಾಸ್ಟಿಕ್ ಹಾಳೆ ಅಥವಾ ಟಾರ್ಪಾಲು ಕೆಳಗಿನ ತೇವವನ್ನು ಕಟ್ಟಿಹಾಕುತ್ತದೆ. ಅದರಲ್ಲಿಯೂ ಪಿವಿಸಿ ಹಾಳೆಯನ್ನು ಮೃದುವಾಗಿಸಲು ಬೆರೆಸಿರುವ ದ್ರವಗಳು ತಾಗಿದ ರಬ್ಬರಿನೊಳಕ್ಕೆ ಮತ್ತು ಬಣ್ಣದೊಳಕ್ಕೆ ಇಳಿದು ಕಲೆ ಮಾಡುತ್ತವೆ.

ತಿಂಗಳುಗಟ್ಟಲೆ ನಿಲ್ಲಿಸುವ ಕಾರನ್ನು ಸ್ಟ್ಯಾಂಡಿನ ಮೇಲೆ ಎತ್ತಿಡುವುದು ಟೈರಿಗೆ ಒಳ್ಳೆಯದು, ಏಕೆಂದರೆ ಒಂದೇ ಜಾಗದ ಮೇಲೆ ಭಾರ ಬಿದ್ದು ಟೈರು ಚಪ್ಪಟೆಯಾಗುವುದೂ ಪಕ್ಕೆ ಉಬ್ಬಿ ಎಳೆತಕ್ಕೆ ಒಳಗಾಗುವುದೂ ಎರಡೂ ತಪ್ಪುತ್ತವೆ. ಆದರೆ ಸ್ಟ್ಯಾಂಡನ್ನು ಚಾಸಿಯ ಕೆಳಗೆ ಕೊಟ್ಟು ಚಕ್ರಗಳನ್ನು ಜೋತುಬಿಟ್ಟರೆ ಟೈರನ್ನು ಉಳಿಸಲು ಹೋಗಿ ಬುಷ್‌ಗಳನ್ನು ಕಳೆದುಕೊಂಡಂತಾಗುತ್ತದೆ. ಸಸ್ಪೆನ್ಷನ್ನಿನ ರಬ್ಬರು ಬುಷ್ ಎರಡು ಲೋಹದ ಕೊಳವೆಗಳ ನಡುವೆ ಬಿಗಿಯಾಗಿ ಹಿಡಿದ ತೋಳಾಗಿದ್ದು, ಜಾರದೆ ತಿರುಚಿಕೊಂಡೇ ಕೆಲಸ ಮಾಡುತ್ತದೆ. ಕಾರು ತನ್ನ ಸಹಜ ಎತ್ತರದಲ್ಲಿ ನಿಂತಾಗ ಅದರಲ್ಲಿ ತಿರುಚು ಇರುವುದಿಲ್ಲ, ಚಕ್ರ ಜೋತಾಡಿದಾಗ ಪೂರ್ತಿ ತಿರುಚಿಕೊಂಡು, ಹಾಗೆಯೇ ವರ್ಷ ಕಳೆದರೆ ಸೀಳುತ್ತದೆ. ಆದ್ದರಿಂದ ಹಿಂದೆ ಆಕ್ಸೆಲ್ಲಿನ ಕೆಳಗೆ, ಮುಂದೆ ಸಸ್ಪೆನ್ಷನ್ನಿನ ಕೆಳತೋಳಿನ ಹೊರತುದಿಯಲ್ಲಿ ಗಟ್ಟಿಯಾದ ಜಾಗ ನೋಡಿ ಸ್ಟ್ಯಾಂಡ್ ಕೊಟ್ಟು, ಕಾರಿನ ಭಾರ ಸ್ಪ್ರಿಂಗುಗಳ ಮೇಲೆಯೇ ಇರುವಂತೆ ನೋಡಿಕೊಳ್ಳಬೇಕು. ಹೊಸ ಬುಷ್ ಹಾಕಿಸಿದಾಗಲೂ ಇದೇ ನಿಯಮ: ಕಾರನ್ನು ನೆಲಕ್ಕಿಳಿಸಿದ ಮೇಲೆಯೇ ಬೋಲ್ಟನ್ನು ಅಂತಿಮವಾಗಿ ಬಿಗಿಯಬೇಕು. ಎತ್ತಿಡಲು ಅನುಕೂಲವಿಲ್ಲದವರು ಟೈರಿನ ಪಕ್ಕೆಯಲ್ಲಿ ಅಚ್ಚಾಗಿರುವ ಗರಿಷ್ಠ ಮಿತಿಯನ್ನು ಮೀರದಂತೆ ಗಾಳಿಯನ್ನು ಕೆಲವು ಪೌಂಡು ಹೆಚ್ಚಿಗೆ ತುಂಬಿಸಿ, ತಿಂಗಳಿಗೊಮ್ಮೆ ಕಾರನ್ನು ಚಕ್ರದ ಕಾಲು ಸುತ್ತಿನಷ್ಟು ಮುಂದಕ್ಕೆ ತಳ್ಳಿದರೂ ಸಾಕಷ್ಟು ಲಾಭವಿದೆ.

ಬಾಗಿಲಿನ ಪಟ್ಟಿಗಳಿಗೆ ಬೇರೆ ಬಗೆಯ ತೊಂದರೆ. ವರ್ಷಗಟ್ಟಲೆ ಒತ್ತಿಹಿಡಿದ ರಬ್ಬರು ಬಿಟ್ಟ ಮೇಲೂ ಹಿಂದಿನ ದಪ್ಪಕ್ಕೆ ಮರಳದೆ ಚಪ್ಪಟೆಯಾಗಿಯೇ ಉಳಿಯುವುದಕ್ಕೆ ಒತ್ತುಕುಸಿತ ಎನ್ನಬಹುದು. ಹೀಗೆ ಕುಸಿದ ಪಟ್ಟಿಯ ಪಕ್ಕದಿಂದ ಮಳೆನೀರು ಸಲೀಸಾಗಿ ಒಳಗಿಳಿಯುತ್ತದೆ. ಷೆಡ್ಡು ಭದ್ರವಾಗಿದ್ದರೆ ಬಾಗಿಲನ್ನು ಬೀಗದ ಎರಡನೆಯ ಹಲ್ಲಿಗೆ ಬಡಿಯದೆ ಮೊದಲ ಹಲ್ಲಿಗಷ್ಟೇ ಕೂರಿಸಿ, ಒಳಗಿನ ದೀಪ ಉರಿಯುತ್ತ ಉಳಿಯದಂತೆ ಬ್ಯಾಟರಿಯ ತಂತಿ ಕಳಚಿಟ್ಟರೆ ಒತ್ತು ಕಡಿಮೆಯಾಗುತ್ತದೆ. ವೈಪರ್ ಅಲಗುಗಳನ್ನು ಕಳಚಿ ಒಳಗಿಡುವುದು, ಫ್ಯಾನ್ ಬೆಲ್ಟನ್ನು ಸಡಿಲಿಸಿ ಅದರ ಬಗ್ಗೆ ಸ್ಟಿಯರಿಂಗಿಗೆ ಒಂದು ಚೀಟಿ ಕಟ್ಟುವುದು ಹೆಚ್ಚು ಶ್ರಮ ಬೇಡದ ಕೆಲಸಗಳು.

ತೊಳೆಯುವುದು ಮತ್ತು ಹಚ್ಚುವುದು

ಕಾರ್ಖಾನೆಯಲ್ಲಿಯೇ ರಬ್ಬರಿನ ಮಿಶ್ರಣಕ್ಕೆ ಓಝೋನನ್ನು ತಡೆಯುವ ರಾಸಾಯನಿಕಗಳನ್ನೂ ಮೇಣವನ್ನೂ ಸೇರಿಸಿರುತ್ತಾರೆ. ಇವು ಕಾಲಕ್ರಮದಲ್ಲಿ ಒಳಗಿನಿಂದ ಮೇಲ್ಮೈಗೆ ಹೊರಸೂಸಿ ತೆಳುವಾದ ಪೊರೆಯನ್ನು ಕಟ್ಟುತ್ತವೆ. ಟೈರಿನ ಪಕ್ಕೆಯ ಮೇಲೆ ಕಾಣುವ ಕಂದುಬಣ್ಣ, ಒದ್ದೆ ಬಟ್ಟೆಯಿಂದ ಒರೆಸಿದಾಗ ಬಟ್ಟೆಗೆ ಮೆತ್ತಿಕೊಳ್ಳುವ ಕಂದು ಕೊಳೆ, ಹೊಸ ಪಟ್ಟಿಯ ಮೇಲಿನ ಬೂದುಬಣ್ಣದ ಮಬ್ಬು ಬಹುಮಟ್ಟಿಗೆ ಈ ಪೊರೆಯೇ ಹೊರತು ರಸ್ತೆಯ ಕೊಳಕಲ್ಲ. ಅದನ್ನು ಕೊಳಕೆಂದು ತಿಳಿದು ಗಡುಸಾದ ಬ್ರಷ್ಷು, ಬಟ್ಟೆ ಸೋಪು ಅಥವಾ ಥಿನ್ನರಿನಿಂದ ಕಪ್ಪಾಗುವವರೆಗೆ ಉಜ್ಜುವವರು ರಬ್ಬರಿನ ಸ್ವಂತ ರಕ್ಷಾಕವಚವನ್ನು ಕಿತ್ತು ಎಸೆಯುತ್ತಿರುತ್ತಾರೆ. ಒಳಗಿನ ದಾಸ್ತಾನು ಸೀಮಿತವಾದುದರಿಂದ ಪ್ರತಿ ಸಲವೂ ಅದು ಅಷ್ಟಷ್ಟೇ ಬರಿದಾಗುತ್ತದೆ. ನಿಲ್ಲಿಸುವ ಮೊದಲು ತಣ್ಣೀರು, ಕೆಲವು ಹನಿ ಸೌಮ್ಯವಾದ ಕಾರ್ ಶಾಂಪೂ ಮತ್ತು ಮೆತ್ತನೆಯ ಬಟ್ಟೆಯಿಂದ ಧೂಳು, ಗ್ರೀಸು, ಹಳೆಯ ಪಾಲಿಶ್ಶುಗಳನ್ನು ತೆಗೆದು, ನೆರಳಿನಲ್ಲಿ ಪೂರ್ತಿ ಒಣಗಿಸುವುದಷ್ಟೇ ಸಾಕು.

ಆಮೇಲೆ ಏನನ್ನು ಹಚ್ಚಬೇಕೆಂಬ ಪ್ರಶ್ನೆ ಬರುತ್ತದೆ. ಅಂಗಡಿಯಲ್ಲಿ ಸಿಗುವ ಸಿಲಿಕೋನ್ ಲೇಪನಗಳಲ್ಲಿ ಎರಡು ಜಾತಿಗಳಿವೆ. ಒಂದರಲ್ಲಿ ಸಿಲಿಕೋನ್ ದ್ರವವನ್ನು ನೀರಿನಲ್ಲಿ ಹಾಲಿನಂತೆ ಬೆರೆಸಿರುತ್ತಾರೆ, ಇನ್ನೊಂದರಲ್ಲಿ ಪೆಟ್ರೋಲಿಯಂ ಮೂಲದ ದ್ರಾವಕದಲ್ಲಿ ಕರಗಿಸಿರುತ್ತಾರೆ; ಎರಡನೆಯದು ಕ್ಷಣದಲ್ಲಿ ಗಾಢವಾದ ಹೊಳಪು ಕೊಟ್ಟರೂ, ಆ ದ್ರಾವಕ ರಬ್ಬರಿನ ಮೇಣವನ್ನೂ ಮೃದುಕಾರಿಗಳನ್ನೂ, ಅಂದರೆ ರಬ್ಬರನ್ನು ಬಾಗುವಂತೆ ಇಡಲು ಬೆರೆಸಿದ ಎಣ್ಣೆಯಂತಹ ವಸ್ತುಗಳನ್ನೂ, ತೊಳೆದು ಹೊರತರುವುದರಿಂದ ಅದು ವರ್ಜ್ಯ. ಬೆಂಕಿ ಹೊತ್ತಿಕೊಳ್ಳುತ್ತದೆ ಎಂಬ ಎಚ್ಚರಿಕೆಯ ಗುರುತು ಡಬ್ಬಿಯ ಮೇಲಿದ್ದರೆ ಅದು ದ್ರಾವಕದ ಜಾತಿಯದಾಗಿರುವ ಸಂಭವ ಹೆಚ್ಚು. ಸ್ಪ್ರೇ ಡಬ್ಬಿಗಳಲ್ಲಿ ಒಳಗಿನ ಅನಿಲಕ್ಕೂ ಅದೇ ಗುರುತಿರಬಹುದಾದುದರಿಂದ, ನೀರು ಆಧಾರಿತವೆಂದು ಸ್ಪಷ್ಟವಾಗಿ ಬರೆದಿರುವುದನ್ನೇ ಆರಿಸುವುದು ಕ್ಷೇಮ. ಸಿಲಿಕೋನಿನಿಂದ ಹೆಚ್ಚಿನದನ್ನು ನಿರೀಕ್ಷಿಸುವಂತೆಯೂ ಇಲ್ಲ. ಸಿಲಿಕೋನ್ ಪದರದ ಮೂಲಕ ಅನಿಲಗಳು ಸುಲಭವಾಗಿ ಹಾದುಹೋಗುವುದರಿಂದ ಅದು ಓಝೋನಿಗೆ ಗೋಡೆಯಾಗುವುದಿಲ್ಲ. ಪಟ್ಟಿ ತಗಡಿಗೆ ಅಂಟಿಕೊಂಡು ಬಾಗಿಲು ತೆರೆದಾಗ ಹರಿಯದಂತೆ ಜಾರಿಕೆ ಕೊಡುವುದೇ ಅದರ ನಿಜವಾದ ಉಪಯೋಗ. ಕಾರಿಗೆ ಹೊಸದಾಗಿ ಬಣ್ಣ ಹೊಡೆಸುವ ಯೋಚನೆಯಿದ್ದರೆ ಸಿಲಿಕೋನನ್ನು ಹತ್ತಿರ ಸೇರಿಸಲೇಬಾರದು, ಏಕೆಂದರೆ ಅದರ ಸೋಂಕಿರುವ ತಗಡಿನ ಮೇಲೆ ಬಣ್ಣ ಸಮನಾಗಿ ಕೂರದೆ ಮೀನುಕಣ್ಣಿನಂತಹ ಕುಳಿಗಳು ಏಳುತ್ತವೆ.

ಸಿಲಿಕೋನ್ ಬೇಡವೆನ್ನುವವರಿಗೆ ಔಷಧದ ಅಂಗಡಿಯ ಗ್ಲಿಸರಿನ್ ಇದೆ. ಅದು ರಬ್ಬರಿಗೆ ಅಪಾಯ ಮಾಡುವುದಿಲ್ಲ, ನೀರಿನಲ್ಲಿ ತೊಳೆದುಹೋಗುತ್ತದೆ. ಗಾಳಿಯ ತೇವವನ್ನು ಎಳೆದುಕೊಂಡು ಧೂಳನ್ನು ಹಿಡಿಯುವ ಗುಣವಿರುವುದರಿಂದ ಅತಿ ತೆಳುವಾಗಿ ಹಚ್ಚಿ, ಕಾಲು ಗಂಟೆಯ ನಂತರ ಮಿಕ್ಕದ್ದನ್ನು ಒರೆಸಿಬಿಡಬೇಕು. ಕರಾವಳಿಯಲ್ಲಿ ಗ್ಲಿಸರಿನ್ನಿಗಿಂತ ಟಾಲ್ಕ್, ಅಂದರೆ ಸುಗಂಧವಿಲ್ಲದ ಬಳಪದ ಕಲ್ಲಿನ ಪುಡಿ, ಉತ್ತಮ. ಟ್ಯೂಬುಗಳಿಗೆ ಪಂಕ್ಚರ್ ಅಂಗಡಿಯವರು ಸವರುವ ಈ ಪುಡಿ ಬಾಗಿಲಿನ ಪಟ್ಟಿಗಳನ್ನೂ ಅಂಟದಂತೆ ಕಾಯುತ್ತದೆ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆಗಳು ಖನಿಜತೈಲದಷ್ಟು ರಬ್ಬರನ್ನು ಉಬ್ಬಿಸದಿದ್ದರೂ ಕ್ರಮೇಣ ಜಿಡ್ಡುಗಟ್ಟಿ, ಧೂಳು ಸೇರಿಸಿ, ಎಲ್ಲಕ್ಕಿಂತ ಹೆಚ್ಚಾಗಿ ಇಲಿ ಹೆಗ್ಗಣಗಳನ್ನು ಕರೆಯುತ್ತವೆ. ಇಲಿ ಒಂದೇ ರಾತ್ರಿಯಲ್ಲಿ ಮಾಡುವ ಹಾನಿಯನ್ನು ಓಝೋನ್ ಹತ್ತು ವರ್ಷಗಳಲ್ಲಿ ಮಾಡಲಾರದು.

ಗಟ್ಟಿಯಾದ ರಬ್ಬರನ್ನು ವಿಂಟರ್‌ಗ್ರೀನ್ ಎಣ್ಣೆ ಮತ್ತು ಝೈಲೀನ್ ಎಂಬ ದ್ರಾವಕದ ಮಿಶ್ರಣದಲ್ಲಿ ನೆನೆಹಾಕಿ ಮೆತ್ತಗಾಗಿಸುವ ಉಪಾಯವೊಂದು ಹವ್ಯಾಸಿಗಳಲ್ಲಿ ಪ್ರಚಾರದಲ್ಲಿದೆ. ನೋವಿನ ಮುಲಾಮುಗಳ ಘಾಟು ವಾಸನೆ ಈ ಎಣ್ಣೆಯದೇ. ದ್ರಾವಕ ಒಳಹೊಕ್ಕು ರಬ್ಬರನ್ನು ಉಬ್ಬಿಸುವುದರಿಂದ ಅದು ಕೆಲಕಾಲ ಮೃದುವಾಗುವುದು ನಿಜ. ಎಣ್ಣೆ ಆರಿಹೋದಂತೆ ಹಿಂದಿನ ಸ್ಥಿತಿ ಮರಳುತ್ತದೆ, ಮುರಿದ ಸರಪಳಿಗಳು ಮುರಿದೇ ಇರುತ್ತವೆ. ಬೇರೆಲ್ಲೂ ಸಿಗದ ಅಪರೂಪದ ಪೆಡಲ್ ಹೊದಿಕೆಯನ್ನು ಮುರಿಯದೆ ಕಳಚಲು, ಕೈಗವಸು ತೊಟ್ಟು, ಗಾಳಿಯಾಡುವ ಜಾಗದಲ್ಲಿ ಇದನ್ನು ಒಮ್ಮೆ ಬಳಸಬಹುದು; ಬ್ರೇಕು, ಪೆಟ್ರೋಲ್ ಮತ್ತು ಸಸ್ಪೆನ್ಷನ್ನಿನ ರಬ್ಬರಿಗೆ ಎಂದಿಗೂ ಸಲ್ಲದು.

ಬ್ರೇಕು ಮತ್ತು ಪೆಟ್ರೋಲಿನ ದಾರಿ

ಬ್ರೇಕಿನ ಒಳಗೆ ಹರಿಯುವ ದ್ರವವನ್ನು ಅಂಗಡಿಯವರೂ ಮೆಕ್ಯಾನಿಕ್ಕುಗಳೂ ಬ್ರೇಕ್ ಆಯಿಲ್ ಎಂದೇ ಕರೆದರೂ, ಡಾಟ್ 3 ಮತ್ತು ಡಾಟ್ 4 ದರ್ಜೆಯ ದ್ರವಗಳು ಖನಿಜತೈಲಗಳಲ್ಲ. ಗ್ಲೈಕಾಲ್ ಈಥರುಗಳೆಂಬ ಬೇರೆ ಜಾತಿಯ ರಾಸಾಯನಿಕಗಳು. ಬ್ರೇಕ್ ಸಿಲಿಂಡರಿನ ಕಪ್‌ಗಳು, ಅಂದರೆ ದ್ರವ ಹಿಂದಕ್ಕೆ ಸೋರದಂತೆ ಪಿಸ್ಟನ್ನಿನ ಮುಂದೆ ಕೂರುವ ಬಟ್ಟಲಾಕಾರದ ರಬ್ಬರುಗಳು, ಈ ದ್ರವಕ್ಕೆಂದೇ ತಯಾರಾದವು. ಎಂಜಿನ್ ಆಯಿಲ್ ಹಾಕಿದ್ದ ಆಲಿಕೆಯನ್ನೇ ಬ್ರೇಕಿಗೂ ಬಳಸಿದರೆ, ಸಿಲಿಂಡರನ್ನು ಪೆಟ್ರೋಲಿನಲ್ಲಿ ತೊಳೆದು ಹಾಗೆಯೇ ಜೋಡಿಸಿದರೆ, ಉಳಿದ ಅಲ್ಪ ಎಣ್ಣೆಯಿಂದಲೇ ಕಪ್‌ಗಳು ಉಬ್ಬಿ ಬ್ರೇಕು ಹಿಡಿದುಕೊಳ್ಳುತ್ತದೆ. ಜೋಡಿಸುವಾಗ ಸವರಬೇಕಾದುದು ಹೊಸ ಬ್ರೇಕ್ ದ್ರವವನ್ನು, ಅಥವಾ ಹರಳೆಣ್ಣೆಯಂತಹ ಸಸ್ಯತೈಲದಿಂದ ಮಾಡಿದ, ಕೆಂಪು ಬಣ್ಣದ ರಬ್ಬರ್ ಗ್ರೀಸನ್ನು ಮಾತ್ರ. ಗ್ಲೈಕಾಲ್ ದ್ರವ ಗಾಳಿಯ ತೇವವನ್ನು ಹೀರುವುದರಿಂದ ಕಾರು ಓಡದಿದ್ದರೂ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಬದಲಿಸುವಾಗ ಬಣ್ಣದ ಮೇಲೆ ಚೆಲ್ಲಿದರೆ ಬಣ್ಣ ಏಳುತ್ತದೆ ಎಂಬ ಎಚ್ಚರವೂ ಇರಬೇಕು. ತಿಂಗಳಿಗೊಮ್ಮೆ ಪೆಡಲನ್ನು ಹತ್ತಾರು ಸಲ ನಿಧಾನವಾಗಿ ಒತ್ತಿಬಿಟ್ಟರೆ ಕಪ್‌ಗಳು ಒಂದೇ ಜಾಗದಲ್ಲಿ ಅಂಟಿ ನಿಲ್ಲುವುದು ತಪ್ಪುತ್ತದೆ.

ಬ್ರೇಕ್ ಹೋಸಿನ ವಿಷಯ ಇನ್ನೂ ಗಂಭೀರವಾದುದು. ಹೊರಮೈ ನುಣುಪಾಗಿಯೇ ಇದ್ದು ಒಳಗೋಡೆ ಉಬ್ಬಿ ದಾರಿ ಕಟ್ಟಿದ ಹೋಸಿನಲ್ಲಿ, ಪೆಡಲ್ ಒತ್ತಿದಾಗ ದ್ರವ ಹೇಗೋ ಮುಂದೆ ಹೋಗುತ್ತದೆ, ಬಿಟ್ಟಾಗ ಹಿಂದೆ ಬರುವುದಿಲ್ಲ. ಚಕ್ರ ಹಿಡಿದುಕೊಂಡು ಡ್ರಮ್ಮು ಕಾಯುತ್ತದೆ. ಹೊರಗಿನಿಂದ ನೋಡಿ ಇದನ್ನು ಪತ್ತೆಹಚ್ಚುವುದು ಕಷ್ಟ.

ಪೆಟ್ರೋಲಿನ ದಾರಿಯಲ್ಲಿ ಈಗ ಹೊಸ ಸಮಸ್ಯೆಯೊಂದು ಸೇರಿಕೊಂಡಿದೆ. ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲನ್ನು ಭಾರತದಲ್ಲಿ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿಯೇ ಅಧಿಕೃತವಾಗಿ ಬಿಡುಗಡೆ ಮಾಡಲಾಯಿತು, ಮತ್ತು ಇಂದು ಬಂಕುಗಳಲ್ಲಿ ಸಾಮಾನ್ಯವಾಗಿ ದೊರೆಯುವುದು ಅದೇ. ಹಳೆಯ ಕಾರುಗಳ ಪೆಟ್ರೋಲ್ ಹೋಸ್, ಪಂಪಿನ ಡಯಾಫ್ರಮ್ ಎಂಬ ಮಿಡಿಯುವ ಪೊರೆ, ಕಾರ್ಬುರೇಟರಿನ ವಾಷರುಗಳು ಎಥನಾಲಿಗಾಗಿ ರೂಪುಗೊಂಡವಲ್ಲ. ಅವು ಮೊದಲು ಉಬ್ಬುತ್ತವೆ. ಪೆಟ್ರೋಲ್ ಒಳಗಿನ ಮೃದುಕಾರಿಗಳನ್ನು ಕರಗಿಸಿಕೊಂಡು ಹೋಗಿ ಆ ಜಾಗವನ್ನು ತಾನೇ ತುಂಬಿರುತ್ತದೆ. ಟ್ಯಾಂಕು ಬರಿದಾಗಿ ಕಾರು ತಿಂಗಳುಗಟ್ಟಲೆ ನಿಂತಾಗ ಆ ಪೆಟ್ರೋಲೂ ಆರಿಹೋಗಿ ಹೋಸು ಕುಗ್ಗಿ ಸೀಳುತ್ತದೆ. ರಬ್ಬರು ಅಕ್ಷರಶಃ ಒಣಗುತ್ತದೆ ಎಂದು ಹೇಳಬಹುದಾದ ಸಂದರ್ಭ ಇದೊಂದೇ ಇರಬಹುದು. ಇದಕ್ಕೆ ಪರಿಹಾರ ಲೇಪನವಲ್ಲ, ಒಳಗೋಡೆ ಫ್ಲೂರೋ ರಬ್ಬರಿನಿಂದ ಮಾಡಿದ, ಎಥನಾಲಿಗೆ ತಕ್ಕ ಹೋಸನ್ನೂ ಹೊಸ ಡಯಾಫ್ರಮ್ಮನ್ನೂ ಹಾಕಿಸುವುದು. ಇನ್ನು ರೇಡಿಯೇಟರ್ ಹೋಸಿನ ವಿಷಯಕ್ಕೆ ಬಂದರೆ, ರೇಡಿಯೇಟರನ್ನು ಬರಿದು ಮಾಡಿಡದೆ ಕೂಲಂಟ್ ತುಂಬಿಯೇ ನಿಲ್ಲಿಸಬೇಕು.

ಬಿಡಿಭಾಗಗಳು, ಪರೀಕ್ಷೆ, ಬದಲಾವಣೆ

ಹಳೆಯ ಕಾರಿನವರು ಸಿಕ್ಕಾಗ ಸಿಕ್ಕಷ್ಟು ರಬ್ಬರು ಭಾಗಗಳನ್ನು ಕೊಂಡು ಕೂಡಿಡುವುದು ಸಹಜ. ಐಎಸ್ಒ 2230 ಮಾನದಂಡವು ಸರಿಯಾಗಿ ಕಟ್ಟಿ, ಸರಿಯಾದ ಜಾಗದಲ್ಲಿಟ್ಟ ಹೊಸ ಭಾಗಗಳಿಗೂ ಮಿತಿ ಹಾಕಿ, ನೈಸರ್ಗಿಕ ರಬ್ಬರು ಮತ್ತು ಎಸ್‌ಬಿಆರ್‌ಗೆ ಮೊದಲು 5 ವರ್ಷ, ನೈಟ್ರೈಲ್ ಮತ್ತು ನಿಯೋಪ್ರೀನ್‌ಗೆ 7 ವರ್ಷ, ಇಪಿಡಿಎಂ, ಸಿಲಿಕೋನ್ ಮತ್ತು ಫ್ಲೂರೋ ರಬ್ಬರುಗಳಿಗೆ 10 ವರ್ಷ ಎನ್ನುತ್ತದೆ. ಆ ಬಳಿಕ ಪರೀಕ್ಷಿಸಿ ಅವಧಿಯನ್ನು ವಿಸ್ತರಿಸಬಹುದು. ಆದ್ದರಿಂದ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರ ಅಟ್ಟದಲ್ಲಿ ಮೂವತ್ತು ವರ್ಷ ಕುಳಿತಿದ್ದ ಕಂಪನಿಯ ಡಬ್ಬಿಯ ಮೊಹರು ಒಡೆಯದಿದ್ದರೂ, ಅದರೊಳಗಿನ ಬ್ರೇಕ್ ಕಿಟ್ಟನ್ನು ಹೊಸದೆಂದು ಹಾಕಿಸಬಾರದು. ಮನೆಯಲ್ಲಿಡುವ ಭಾಗಗಳನ್ನು ಮಡಿಸದೆ, ಮೊಳೆಗೆ ತೂಗುಹಾಕದೆ, ಟಾಲ್ಕ್ ಸವರಿ, ಬೆಳಕು ಹಾಯದ ಪೊಟ್ಟಣದಲ್ಲಿ ಸಡಿಲವಾಗಿ ಮಲಗಿಸಿ, ಕೊಂಡ ತಾರೀಖನ್ನು ಬರೆದಿಡಬೇಕು.

ಬದಲಿಸುವಾಗ ಮೂಲದ ಜಾತಿಯ ರಬ್ಬರನ್ನೇ ಹುಡುಕಬೇಕಾಗಿಲ್ಲ. ಗಾಜಿನ ಬೀಡಿಂಗ್ ಮತ್ತು ಬಾಗಿಲಿನ ಪಟ್ಟಿಗಳಿಗೆ ಇಪಿಡಿಎಂ ಅತ್ಯುತ್ತಮ. ಅದರ ಮುಖ್ಯ ಸರಪಳಿಯಲ್ಲಿ ದ್ವಿಬಂಧಗಳೇ ಇಲ್ಲದಿರುವುದರಿಂದ ಓಝೋನಿಗೆ ಹಿಡಿತ ಸಿಗುವುದಿಲ್ಲ. 1960ರ ದಶಕದಲ್ಲಷ್ಟೇ ಮಾರುಕಟ್ಟೆಗೆ ಬಂದ ಈ ವಸ್ತು ಅದಕ್ಕಿಂತ ಹಿಂದೆ ತಯಾರಾದ ಕಾರುಗಳ ಮೂಲ ಪಟ್ಟಿಗಳಲ್ಲಿ ಇರುವ ಸಾಧ್ಯತೆಯಿಲ್ಲ, ಹಾಕಿಸಿದರೆ ನೋಟವೇನೂ ಕೆಡುವುದಿಲ್ಲ. ಆದರೆ ಇಪಿಡಿಎಂ ಖನಿಜತೈಲಕ್ಕೆ ಉಬ್ಬುವುದರಿಂದ ಆಯಿಲ್ ತಾಗುವ ಕಡೆ ನೈಟ್ರೈಲ್ ಬೇಕು. ಎಂಜಿನ್ ಮೌಂಟಿಂಗ್ ಮತ್ತು ಬುಷ್‌ಗಳಿಗೆ, ಪದೇ ಪದೇ ಬಾಗುವ ದಣಿವನ್ನು ತಡೆಯುವುದರಲ್ಲಿ, ನೈಸರ್ಗಿಕ ರಬ್ಬರಿಗೆ ಸರಿಸಾಟಿಯಾದುದು ಕಡಿಮೆ. ಪಾಲಿಯುರೆಥೇನ್ ಬುಷ್‌ಗಳು ಬಾಳಿಕೆಯ ಹೆಸರಿನಲ್ಲಿ ಮಾರಾಟವಾಗುತ್ತವೆಯಾದರೂ ಅವುಗಳ ಕೆಲವು ಬಗೆಗಳು ಬಿಸಿಯೂ ತೇವವೂ ಕೂಡಿದ ಹವೆಯಲ್ಲಿ ನೀರಿನೊಡನೆ ವರ್ತಿಸಿ ಒಡೆಯುತ್ತವೆ ಎಂಬುದನ್ನು ಕರಾವಳಿಯವರು ಗಮನಿಸಬೇಕು.

ಉಳಿಸಬೇಕೋ ಬದಲಿಸಬೇಕೋ ಎಂಬುದನ್ನು ತೀರ್ಮಾನಿಸಲು ಕೈಗಳೇ ಸಾಕು. ಪಟ್ಟಿಯನ್ನು ಹೆಬ್ಬೆರಳಿನ ಸುತ್ತ ಬಾಗಿಸಿ ಬೆಳಕಿನಲ್ಲಿ ನೋಡಿದಾಗ ಸೀಳುಗಳು ತೆರೆದುಕೊಂಡರೆ, ಉಗುರು ಒತ್ತಿದ ಗುರುತು ಮೂಡದಷ್ಟು ಗಟ್ಟಿಯಾಗಿದ್ದರೆ ಅಥವಾ ಒತ್ತಿದ ಗುರುತು ಹಾಗೆಯೇ ಉಳಿದು ಬೆರಳಿಗೆ ಅಂಟಿಕೊಂಡರೆ, ಅದರ ಕಾಲ ಮುಗಿದಿದೆ. ಸಂದೇಹವಿದ್ದಲ್ಲಿ ಅದೇ ಪಟ್ಟಿಯ, ಲೋಹದ ಅಂಚಿನ ಅಡಿಯಲ್ಲಿ ಮುಚ್ಚಿಕೊಂಡಿದ್ದ ಭಾಗವನ್ನು ಎಬ್ಬಿಸಿ ಹೋಲಿಸಿದರೆ ಎಷ್ಟು ಕೆಟ್ಟಿದೆಯೆಂಬುದು ತಿಳಿಯುತ್ತದೆ. ಟೈರಿನ ವಯಸ್ಸು ಅದರ ಪಕ್ಕೆಯ ಮೇಲೆಯೇ ಇದೆ: ಡಾಟ್ ಎಂಬ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ, ಅಂದರೆ 2319 ಎಂದಿದ್ದರೆ 2019ರ 23ನೆಯ ವಾರ, ಮೂರೇ ಅಂಕಿಗಳಿದ್ದರೆ ಆ ಟೈರು 2000ಕ್ಕಿಂತ ಹಿಂದಿನದು. ತುಳಿತ ಎಷ್ಟೇ ಉಳಿದಿರಲಿ, ಹತ್ತು ವರ್ಷ ದಾಟಿದ ಟೈರನ್ನು ಬಳಸಬಾರದೆಂದು ಹಲವು ಪ್ರಮುಖ ತಯಾರಕರು ಹೇಳುತ್ತಾರೆ.

ಬಾಗಿಲಿನ ಪಟ್ಟಿ ಸೋತರೆ ಕಾರಿನೊಳಗೆ ನೀರು ಬರುತ್ತದೆ, ಅಷ್ಟೇ. ಟೈರು, ಬ್ರೇಕ್ ಹೋಸು, ಬ್ರೇಕ್ ಕಪ್ಪು ಮತ್ತು ಪೆಟ್ರೋಲ್ ಹೋಸುಗಳು ಸೋತರೆ ಕಾರಿನಲ್ಲಿರುವವರ ಮತ್ತು ರಸ್ತೆಯಲ್ಲಿರುವವರ ಜೀವಕ್ಕೇ ಸಂಚಕಾರ. ಈ ನಾಲ್ಕರ ವಯಸ್ಸು ನಿಶ್ಚಿತವಾಗಿ ತಿಳಿಯದಿದ್ದಲ್ಲಿ, ಮದುವೆಯ ಮೆರವಣಿಗೆಗಾಗಲಿ ಹಳೆಯ ಕಾರುಗಳ ಪ್ರದರ್ಶನಕ್ಕಾಗಲಿ, ಅವನ್ನು ಬದಲಿಸದೆ ಕಾರನ್ನು ಷೆಡ್ಡಿನಿಂದ ಹೊರಗೆ ಓಡಿಸಬಾರದು.